ಕೌದಿ ಪೇಜಿನ್ಯಾಗ ತೀರಿಕೊಂಡವ

ಕೊಣ್ಣೂರು
12-6-2025

ಮಗಳು ಶಬನಮಗ ನಿಮ್ಮಪ್ಪನ ಸಲಾಂ,

ನಾನು ಇಲ್ಲಿ ಆರಾಮ ಇದ್ದೀನಿ. ಈ ಮಾತು ಎಲ್ಲಾರೂ ರೂಢಿಗೆ ಬರೀತಾರ. ನಾ ಈ ಸಲ ಖರೇನ ಬರದೀನಿ. ಯಾಕಂದ್ರ ನಾ ಅದೀನೋ ಇಲ್ಲೋ ಅನ್ನೂದರ ಮ್ಯಾಲನ ನಮ್ಮ ಮಂದ್ಯಾಗ ಮಾತು ನಡದೈತಿ.

ಸೋಮವಾರ ಗಾದಿ ಅಂಗಡ್ಯಾಗ ರೊಟ್ಟಿ ತಿನ್ನಾಕ ಕೂತಿದ್ದೆ. ನರಗುಂದದಿಂದ ನಿಮ್ಮವ್ವನ ಚಿಗವ್ವನ ಮಗ ದಾದಾಪೀರ ಗಾಡಿ ಮ್ಯಾಲ ಬಂದ. ಬಂದವ ಬಾಗಲದಾಗ ನಿಂತ ಬಿಟ್ಟ. ಒಳಗ ಬರವಲ್ಲ. ನಾ "ಬಾರೋ, ಬಿಸಿ ರೊಟ್ಟಿ ಅದಾವ" ಅಂದೆ. ಅವ "ಮಾವಾ, ಮುಂಜಾನಿಂದ ಫೋನ್ ಮಾಡಾಕತ್ತೀನಿ, ಯಾಕ ಎತ್ತಲಿಲ್ಲ?" ಅಂತ ಒದರಿದ. ಅರಳಿ ಹಿಂಜೋ ಮಶೀನ್ ಚಾಲೂ ಇದ್ರ ನನಗ ಫೋನ್ ಎಲ್ಲಿ ಕೇಳಬೇಕು? ಅವ ಅಲ್ಲೇ ಕಟ್ಟಿ ಮ್ಯಾಲ ಕುಸದು, ಕರ್ಚೀಪ್‌ಲೆ ಮುಖಾ ಒರಸ್ಕೊಂಡು, ತನ್ನ ಮೊಬೈಲ್ ತಗದು ನನ್ನ ಮುಂದ ಹಿಡದ.

ನಿಮ್ಮವ್ವ ಹೊಲಿದ ಕೌದಿ ಮಾರಾಕ ನೀ ಮಾಡಿದ ಪೇಜ್. "ಮಾಸುಮ ಕೌದಿ" ಅಂತ ಹೆಸರು. ಚಲೋ ಐತಿ. ಅದರಾಗ ಹಿಂಗ ಬರದಿತ್ತು, ನಾ ಹಂಗಿಂದ್ಹಂಗ ಇಳಿಸೀನಿ: "ಮಲಪ್ರಭೆಯ ಪ್ರವಾಹವು ಕೊಣ್ಣೂರಿನಲ್ಲಿ ಆಕೆಯ ಪತಿಯನ್ನು ಸೆಳೆದೊಯ್ಯಿತು. ಉಳಿದದ್ದು ಆತನ ಅಂಗಿಗಳು ಮಾತ್ರ. ಆ ಅಂಗಿಗಳಿಂದ ಆ ತಾಯಿ ಹೊಲಿದ ಕೌದಿ ಇದು. ಪ್ರತಿ ಹೊಲಿಗೆಯಲ್ಲೂ ಒಂದು ಕಣ್ಣೀರ ಹನಿ."

ಕೆಳಗ ಮಂದಿ ಕೈಮುಗಿದ ಚಿತ್ರ ಹಾಕ್ಯಾರ. "ತಾಯಿ, ಧೈರ್ಯ ತಗೋರಿ" ಅಂದಾರ.

ಫೋಟೋದಾಗಿನ ಕೌದಿ ನೋಡಿದೆ. ನಡುವ ನೀಲಿ ಪಟ್ಟಾಪಟ್ಟಿ ಅರಿವಿ ಐತಿ. ಅದು ನನ್ನ ಅಂಗಿ. ನಾ ಗಜೇಂದ್ರಗಡದಾಗ ಬಿಟ್ಟು ಬಂದದ್ದು.

ಟೈರ್ ಅಂಗಡಿ ಅಕೀಬನ ಫೋನ್ ಇಸ್ಗೊಂಡು ಆ ಪೇಜಿನ ನಂಬರಿಗೆ "ಶಬ್ಬು, ಇದೇನು?" ಅಂತ ಕಳಿಸಿದೆ. ಕಣ್ಣ ಮುಚ್ಚಿ ತಗಿಯೂದರಾಗ ಉತ್ತರ ಬಂತು. "ನಮಸ್ಕಾರ! ಮಾಸುಮ ಕೌದಿಯನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ಸಿಂಗಲ್ ಕೌದಿಗೆ ಒಂದು ಒತ್ತಿ, ಡಬಲ್ ಕೌದಿಗೆ ಎರಡು ಒತ್ತಿ." ನಾ "ನಾನು ಇನಾಯತ, ನಿಮ್ಮಪ್ಪ, ನಾ ಸತ್ತಿಲ್ಲ" ಅಂತ ಬರದೆ. "ನಿಮ್ಮ ಪ್ರೀತಿಯ ಮಾತಿಗೆ ಋಣಿಯಾಗಿದ್ದೇವೆ. ದಯವಿಟ್ಟು ವಿಳಾಸ ಮತ್ತು ಪಿನ್ ಕೋಡ್ ಕಳಿಸಿ" ಅಂತ ಬಂತು. ಅಕೀಬ ನಕ್ಕ. ನನಗ ನಗು ಬರಲಿಲ್ಲ.

ಫೋನ್ ಮಾಡಬಹುದಿತ್ತು. ಫೋನ್ ಮಾಡಿದ್ರ ನಿಮ್ಮವ್ವ ಬಾಜೂಕ ಇರ್ತಾಳ, ನೀ ಹೂಂ ಹೂಂ ಅಂದು ಇಡ್ತಿ. ಮೆಸೇಜ್ ಮಾಡಿದ್ರ ಯಾರು ಮಾತಾಡಾಕತ್ತಾರ ಅನ್ನೂದ ತಿಳಿವಲ್ದು. ಅದಕ್ಕ ಕಾಗದ ಬರದೀನಿ. ನೀ ನಿನ್ನ ಕೈಲೆ ಬರದು ತಿಳಿಸು. ಅದನ್ನ ನೀ ಬರದ್ಯಾ?

ನಿಮ್ಮಪ್ಪ
ಇನಾಯತ


ಗಜೇಂದ್ರಗಡ
20-6-2025

ಅಪ್ಪಾಗ ಶಬನಮಳ ಸಲಾಂ,

ನಿಮ್ಮ ಕಾಗದ ಎರಡ ಸಲ ಓದಿದೆ. ಅದನ್ನ ನಾ ಬರದಿಲ್ಲ. ಬರದಿಲ್ಲ ಅಂದ್ರೂ ಪೂರಾ ಖರೇ ಅಲ್ಲ. ಹ್ಯಾಂಗ ಹೇಳಬೇಕು ಅಂತ ತಿಳಿವಲ್ದು, ಹೇಳಿ ನೋಡ್ತೀನಿ.

ಅವ್ವ ಹೊಲಿತಾಳ, ನಾ ಮಾರ್ತೀನಿ. ಮಾರೂದು ಅಂದ್ರ ಸಂತ್ಯಾಗ ಕೂತಂಗ ಅಲ್ಲರಿ ಅಪ್ಪಾ. ನಾ ಒಬ್ಬಾಕಿ, ಕೆಲಸ ಹತ್ತು ಮಂದೀದು. ಅದಕ್ಕ ಒಂದೊಂದು ಕೆಲಸಕ್ಕ ಒಂದೊಂದು ಸಾಫ್ಟ್‌ವೇರ್ ಇಟ್ಕೊಂಡೀನಿ. ಒಂದು, ಮಂದಿ ಏನಂತ ಹುಡುಕ್ತಾರ ಅನ್ನೂದನ್ನ ತೋರಸ್ತೈತಿ. "ಕೌದಿ" ಅಂತ ಹುಡುಕವ್ರು ಕಡಿಮಿ, "ಅಜ್ಜಿ ನೆನಪು" ಅಂತ ಹುಡುಕವ್ರು ಭಾಳ. ಇನ್ನೊಂದು ಫೋಟೋ ಚಂದ ಮಾಡತೈತಿ. ನಮ್ಮ ತುಕ್ಕ ಹಿಡದ ಮಂಚದ ಮ್ಯಾಲ ಕೌದಿ ಹಾಸಿ ಫೋಟೋ ಹೊಡದ್ರ, ಅದು ಮಂಚ ತಗದು ದೊಡ್ಡ ಕಿಡಕಿ ಇದ್ದ ಮನಿ ಕೂಡಸ್ತೈತಿ. ನಾ ನೀರಿಗೆ ಪಾಳಿ ಹಚ್ಚಿ ನಿಂತಾಗ ನನ್ನ ಬದಲಿ ಪೋಸ್ಟ್ ಹಾಕೋದು ಮತ್ತೊಂದು. ನಿಮಗ ಉತ್ತರ ಕೊಟ್ಟದ್ದು ಇನ್ನೊಂದು, ಅದಕ್ಕ ಅಪ್ಪ ಯಾರು ಗಿರಾಕಿ ಯಾರು ಗೊತ್ತಾಗೂದಿಲ್ಲ. ಅದರ ಮ್ಯಾಲ ಸಿಟ್ಟ ಮಾಡ್ಕೋಬ್ಯಾಡ್ರಿ.

ಕಡೀದು, ಬರಿಯೋ ಸಾಫ್ಟ್‌ವೇರ್. ನಾಕು ಶಬ್ದ ಕೊಟ್ರ ಕತಿ ಮಾಡಿ ಕೊಡತೈತಿ. ನಾ ಅದಕ್ಕ ಕೊಟ್ಟದ್ದು ಇಷ್ಟ: ಅವ್ವ, ಕೌದಿ, ಅಪ್ಪನ ಹಳೇ ಅಂಗಿ, ಅಪ್ಪ ದೂರ, ಕೊಣ್ಣೂರು, ಮಲಪ್ರಭಾ. ದೂರ ಅಂದದ್ದನ್ನ ಅದು ಹಂಗ ತಿಳಕೊಂತು. ಅವತ್ತ ಪುರ್ತಗೇರಿಯಿಂದ ಕೌದಿಗೆ ಅಂತ ಹಳೇ ಸೀರಿ ತಂದ ಹೆಣ್ಮಕ್ಕಳು ಬಾಗಲದಾಗ ನಿಂತಿದ್ರು, ನಾ ಮ್ಯಾಲಿನ ಸಾಲು ಓದಿ ಚಂದ ಐತಿ ಅಂತ ಒತ್ತಿ ಬಿಟ್ಟೆ. ಆಮ್ಯಾಲ ನೋಡಿಲ್ಲ. ಆರ್ಡರ್ ಬರಾಕ ಶುರು ಆದಮ್ಯಾಲ ನೋಡಾಕ ಪುರಸೊತ್ತ ಸಿಗಲಿಲ್ಲ.

ಇವತ್ತ ಬದಲ ಮಾಡೀನಿ. "ತಂದೆ ಕೊಣ್ಣೂರಿನಲ್ಲಿ ಗಾದಿ ಅಂಗಡಿ ನಡೆಸುತ್ತಾರೆ" ಅಂತ ನಾನ ಕೂತು ಬರದೀನಿ. ದಾದಾಪೀರ ಮಾಮಾಗ ಹೇಳ್ರಿ. ಮಾಫ್ ಮಾಡ್ರಿ ಅಪ್ಪಾ.

ನಿಮ್ಮ ಮಗಳು
ಶಬನಮ


ಕೊಣ್ಣೂರು
3-7-2025

ಶಬ್ಬುಗ,

ನಿನ್ನ ಕಾಗದ ಮುಟ್ಟಿತು. ತಿಳಿದದ್ದು ಅರ್ಧ. ತುಕ್ಕ ಹಿಡದ ಮಂಚ ತಗದು ಕಿಡಕಿ ಕೂಡಸ್ತೈತಿ ಅಂದಿ. ಆ ಮಂಚ ನಾ ರೋಣದಿಂದ ತಂದದ್ದು, ಅದರ ಮ್ಯಾಲ ನೀ ಹುಟ್ಟಿದಿ. ಇರಲಿ.

ಬದಲ ಮಾಡೀನಿ ಅಂದಿ. ದಾದಾಪೀರ ನಿನ್ನೆ ಫೋನ್ ಮಾಡಿದ್ದ, "ಮಾವಾ, ನೀ ಇನ್ನೂ ಸತ್ತ ಅದಿ" ಅಂದ. ಅವನ ಹೇಣ್ತಿ ಜಹೀದಾನ ಫೋನಿನ್ಯಾಗ ಮತ್ತ ಬಂದಿತ್ತಂತ, ಅದೇ ಪ್ರವಾಹ, ಅದೇ ಕಣ್ಣೀರು. ಹಂಗಂದ್ರ ನೀ ಬದಲ ಮಾಡಿದ್ದು ಏನು? ಒಬ್ಬರಿಗೆ ಬದುಕಿದಂಗ, ಒಬ್ಬರಿಗೆ ಸತ್ತಂಗ ಹ್ಯಾಂಗ ಕಾಣಸ್ತೀನಿ? ನನಗ ತಲಿ ಗಿರ್ ಅಂತೈತಿ.

ಇನ್ನೊಂದು ಮಾತು. ನೀ ಎರಡ ಹಾಳಿ ಬರದಿ. ಎಲ್ಲಾ ಸಾಫ್ಟ್‌ವೇರಿನ ಸುದ್ದಿ ಐತಿ, ನಿಮ್ಮವ್ವನ ಸುದ್ದಿ ಒಂದ ಸಾಲಿಲ್ಲ. ಅಕಿ ಇದನ್ನ ನೋಡ್ಯಾಳೇನು? ನೋಡಿ ಏನಂದ್ಲು? ಅಂಗಿ ಯಾಕ ಕತ್ತರಿಸಿದ್ಲು?

ನಮ್ಮವ್ವ ಖಾತುನಬಿ ಹಾಸಿಗಿ ಹಿಡದಾಗ ನಾ ಇಲ್ಲಿಗೆ ಬಂದೆ. ನಿಮ್ಮವ್ವ ಬರೂದಿಲ್ಲ ಅಂದ್ಲು. ಅದಕ್ಕ ನನಗ ಸಿಟ್ಟಿಲ್ಲ, ನಮ್ಮವ್ವನ ಬಾಯಿ ನನಗೂ ಗೊತ್ತಿತ್ತು. ಆದ್ರ ನಮ್ಮವ್ವ ಮಣ್ಣಾಗಿ ವರ್ಷದ ಮ್ಯಾಲಾತು. ಅಕಿ ಬಾ ಅಂದಿಲ್ಲ, ನಾ ಬರ್ತೀನಿ ಅಂದಿಲ್ಲ. ಇಬ್ಬರೂ ಯಾಕ ಸುಮ್ಮ ಅದೀವಿ ಅಂತ ನನಗೂ ತಿಳಿವಲ್ದು. ಈಗ ನೋಡಿದ್ರ ಇದು.

ಕೇಳಿದ್ದಕ್ಕ ಉತ್ತರಾ ಬರಿ. ಸಾಫ್ಟ್‌ವೇರ್ ಸಾಕು.

ಇನಾಯತ


ಗಜೇಂದ್ರಗಡ
14-7-2025

ಅಪ್ಪಾ,

ಸಾಫ್ಟ್‌ವೇರ್ ಸಾಕು ಅಂದೀರಿ, ಆದ್ರ ಇದೊಂದು ಹೇಳದಿದ್ರ ಮುಂದಿಂದು ತಿಳಿಯೂದಿಲ್ಲ. ಜಾಹೀರಾತು ಹಾಕೋ ಸಾಫ್ಟ್‌ವೇರ್ ಒಂದೈತಿ. ಅದಕ್ಕ ಎರಡು ಬರಹ ಕೊಟ್ರ, ಒಂದನ್ನ ಸ್ವಲ್ಪ ಮಂದಿಗೆ, ಇನ್ನೊಂದನ್ನ ಸ್ವಲ್ಪ ಮಂದಿಗೆ ತೋರಿಸಿ ಪರೀಕ್ಷಾ ಮಾಡತೈತಿ. ಯಾವುದನ್ನ ಜನ ನಿಂತು ನೋಡ್ತಾರ ಅದನ್ನ ಇಟ್ಟು, ನೋಡದ್ದನ್ನ ತಾನ ಬಂದ್ ಮಾಡತೈತಿ. ನಾ ನಿಮ್ಮ ಗಾದಿ ಅಂಗಡಿ ಬರಹ ಹಾಕಿದೆ, ಹಳೇದನ್ನ ಅದರೊಳಗಿಂದ ತಗಿಯೂದು ಮರತೆ. ಅದು ಎರಡನ್ನೂ ಪರೀಕ್ಷಾ ಮಾಡ್ತು. ಗಾದಿ ಅಂಗಡೀನ್ನ ಯಾರೂ ನಿಂತು ನೋಡಲಿಲ್ಲ ಅಪ್ಪಾ. ಬದುಕಿದ್ದ ನೀವು ಬಂದ್ ಆದ್ರಿ.

ಇದನ್ನ ನೋಡಿ ಎಲ್ಲಾ ತಗದು ಬಿಡೂನು ಅಂತ ಅವ್ವನ ಮುಂದ ಫೋನ್ ಹಿಡದೆ. ಅಕಿ ಅರಿವಿ ತುಂಡ ಜೋಡಸಾಕತ್ತಿದ್ಲು.

"ಅವ್ವಾ, ಈ ಬರಹ ತಗೀತೀನಿ."

"ಯಾಕ?"

"ಅಪ್ಪ ತೀರಿಕೊಂಡಾನ ಅಂತ ಐತಿ."

"ಗೊತ್ತೈತಿ."

"ನೀ ಓದಿಯೇನು?"

"ಹಾಕಿದ ದಿನಾನ ಓದೀನಿ. ನಾಕನೇತ್ತೆ ತನಕಾ ಸಾಲಿ ಕಲ್ತೀನಿ, ಓದಾಕ ಬರತೈತಿ ನನಗ."

"ಮತ್ತ ಯಾಕ ಹೇಳಲಿಲ್ಲ?"

ಅಕಿ ಸೂಜಿ ಅರಿವಿಗೆ ಚುಚ್ಚಿ ಇಟ್ಲು. "ಇರಲಿ ಬಿಡ" ಅಂದ್ಲು. ಅಷ್ಟ. ಎದ್ದು ಹಿತ್ತಲಕ್ಕ ಹೋದ್ಲು.

ಅಂಗೀ ಮಾತೂ ಕೇಳಿದೆ. "ಟ್ರಂಕಿನ್ಯಾಗ ಇಟ್ರ ಹುಳ ಹತ್ತತಾವ" ಅಂದ್ಲು. ಆದ್ರ ಅಪ್ಪಾ, ಆ ಕೌದಿ ಕೇಳಿ ಎಷ್ಟ ಮಂದಿ ಬರದ್ರೂ ಅಕಿ ಅದನ್ನ ಮಾರಾಕ ಕೊಡವಲ್ಲಳು. ಫೋಟೋಕ್ಕಷ್ಟ ಕೊಟ್ಟಾಳ. ಅಂಥಾವ ಬ್ಯಾರೆ ಹೊಲದು ಕಳಸ್ತೀವಿ.

ಇದನ್ನೆಲ್ಲಾ ಬರೀಬೇಕೋ ಬ್ಯಾಡೋ ತಿಳಿಲಿಲ್ಲ. ನೀವು ಕೇಳೀರಿ ಅಂತ ಬರದೀನಿ. ಬರಹ ಈಗ ತಗೀಲೋ ಬಿಡ್ಲೋ ಹೇಳ್ರಿ.

ಶಬನಮ


ಕೊಣ್ಣೂರು
25-7-2025

ಶಬ್ಬುಗ,

ಇರಲಿ ಬಿಡ ಅಂದ್ಲು ಅಂತ ಬರದಿ. ಇರಲಿ ಅಂದದ್ದು ಪೇಜಿಗೋ, ನನಗೋ? ಬಿಡ ಅಂದದ್ದು ಯಾವುದಕ್ಕ?

ಕೌದಿ ಮಾರವಲ್ಲಳು ಅಂತಿ. ಸತ್ತಾನ ಅಂತ ಬರದ್ರ ತಗಿ ಅನ್ನವಲ್ಲಳು. ಎರಡೂ ಒಬ್ಬಾಕಿನ ಮಾಡ್ಯಾಳೇನು? ನಾ ಓದಿದೆ, ಮತ್ತ ಓದಿದೆ. ತಿಳಿಲಿಲ್ಲ.

ತಗಿ ಅಂತ ನಾ ಹೇಳೂದಿಲ್ಲ. ಇಡು ಅಂತಾನೂ ಹೇಳೂದಿಲ್ಲ. ನಿಮ್ಮ ವ್ಯಾಪಾರ ನಿಮಗ. ಅಕ್ಷರ ಸಾಲು ಬಿಟ್ಟು ಹೋಗ್ಯಾವ, ತಿದ್ದಿ ಓದ್ಕೋ.

ಇನಾಯತ


ಗಜೇಂದ್ರಗಡ
30-8-2025

ಅಪ್ಪಾ,

ನಿಮ್ಮ ಜುಲೈ ಕಾಗದ ಬಂದಮ್ಯಾಲ ನಾ ಬರಿಯೋ ಮೂರನೇ ಕಾಗದ ಇದು. ಮೊದಲಿನ ಎರಡಕ್ಕ ಉತ್ತರಾ ಬಂದಿಲ್ಲ. ಫೋನ್ ಹಚ್ಚಿದ್ರ ಬಂದ್ ಐತಿ ಅಂತೈತಿ. ಅಕೀಬಣ್ಣನ ನಂಬರ್ ನನ್ನ ಹತ್ರ ಇಲ್ಲ. ಅವತ್ತ ನೀವು ಅವನ ಫೋನಿನಿಂದ ಕಳಿಸಿದ ಮೆಸೇಜನ್ನ ಉತ್ತರಾ ಕೊಡೋ ಸಾಫ್ಟ್‌ವೇರ್ "ಆರ್ಡರ್ ಪೂರ್ಣಗೊಂಡಿಲ್ಲ" ಅಂತ ತಗದು ಒಗದೈತಿ. ದಾದಾಪೀರ ಮಾಮಾನ್ನ ಕೇಳಿದ್ರ ಅವ ಜಹೀದಾನ ಬಾಣಂತನಕ್ಕ ಹುಬ್ಬಳ್ಳಿಗೆ ಹೋಗಿ ಕೂತಾನ, ಅಂವಗೂ ಗೊತ್ತಿಲ್ಲ.

ಬರಹ ತಗದೀನಿ. ಪೂರಾ ತಗದೀನಿ. ಎಲ್ಲಾ ಸಾಫ್ಟ್‌ವೇರಿನ ಒಳಗ ಹೊಕ್ಕು ಹುಡುಕಿ ಹುಡುಕಿ ತಗದೀನಿ. ಅವ್ವ ಬ್ಯಾಡ ಅನ್ನಲಿಲ್ಲ.

ಹೋದ ವಾರ ಟಿವಿಯಾಗ ಹೊಳಿ ತುಂಬೈತಿ, ಕೊಣ್ಣೂರ ಸೇತುವಿ ಮ್ಯಾಲ ನೀರ ಬಂದಾವ ಅಂತ ತೋರಿಸಿದ್ರು. ಅವ್ವ ರೊಟ್ಟಿ ಬಡಿಯೂದ ಬಿಟ್ಟು ಹಿಟ್ಟಿನ ಕೈಲೆ ಬಂದು ನಿಂತ್ಲು. ಅಡ್ವರ್ಟೈಸ್ ಬಂದ್ರೂ ಅಲ್ಲೇ ನಿಂತಿದ್ಲು. ಆಮ್ಯಾಲ ನನ್ನ ಕೇಳಿದ್ಲು, "ಪೇಜ್ ಯಾವ ಊರಾಗ ಕೂತು ನೋಡ್ಯಾರ ಅಂತ ತೋರಸೋದು ಒಂದೈತಿ ಅಂದಿದ್ಯಲ್ಲ, ಅದನ್ನ ತಗಿ."

ಐತಿ ಅಂಥಾದ್ದೊಂದು. ತಗದೆ. ಬೆಂಗಳೂರು, ಪುಣೆ, ಬೆಳಗಾವಿ ಅಂತ ಸಾಲಾಗಿ ತೋರಸ್ತೈತಿ. ಕಡೀಕ "ನರಗುಂದ, ಒಬ್ಬರು" ಅಂತ ಇತ್ತು. ಅವ್ವ "ಕೊಣ್ಣೂರಂತ ಯಾಕ ಇಲ್ಲ?" ಅಂದ್ಲು. ಸಣ್ಣ ಊರನ್ನ ಅದು ತಾಲೂಕಿನ್ಯಾಗ ಸೇರಸ್ತೈತಿ ಅಂದೆ. "ಹಂಗಾದ್ರ ಇವರ ಇರಬಹುದು" ಅಂದ್ಲು. ನಿಮ್ಮ ಫೋನ್ ಗುಂಡಿ ಒತ್ತೋದು, ಅದರಾಗ ಪೇಜ್ ಕಾಣೂದಿಲ್ಲ, ಅದು ನನಗ ಗೊತ್ತೈತಿ. ಅಕಿಗೆ ಹೇಳಾಕ ಬಾಯಿ ಬರಲಿಲ್ಲ.

ಅವತ್ತಿನಿಂದ ದಿನಾ ಮುಂಜಾನೆ ಅದ ಕೇಳ್ತಾಳ. "ನರಗುಂದದವ್ರು ನೋಡ್ಯಾರೇನು?" ಒಂದೊಂದ ದಿನ ಇರತೈತಿ, ಒಂದೊಂದ ದಿನ ಇರೂದಿಲ್ಲ. ಇಲ್ಲದ ದಿನ ಅಕಿ ಹೊಲಿಯೂದಿಲ್ಲ.

ನಾ ನಿಮ್ಮಿಬ್ಬರ ನಡುವ ಸಿಕ್ಕೀನಿ ಅಪ್ಪಾ. ಅವ್ವನ ಮಾತು ಒಂದು, ಮಾಡೂದು ಒಂದು. ನಿಮ್ಮದಂತೂ ಮಾತ ಇಲ್ಲ. ಅದೀನಿ ಅಂತ ಒಂದ ಸಾಲು ಬರೀರಿ.

ಶಬನಮ


ಗಜೇಂದ್ರಗಡ
9-9-2025

ಶಬನಮನ ಅಪ್ಪಗ ಮಾಸುಮಬಿಯ ಸಲಾಂ.

ನಾ ನಿಮಗ ಕಾಗದ ಬರದವಳಲ್ಲ. ಲಗ್ನ ಆದ ಹೊಸತರಾಗ ನೀವು ಗಾದಿ ಕೆಲಸಕ್ಕ ಊರೂರು ತಿರಗತಿದ್ರಿ, ಅವಾಗೂ ಬರದಿಲ್ಲ. ತಪ್ಪಿದ್ದನ್ನ ಹೊಟ್ಟ್ಯಾಗ ಹಾಕ್ಕೋರಿ.

ಮಗಳು ನಿಮಗ ಏನ ಬರದಾಳ ಅಂತ ನಿನ್ನೆ ಹೇಳಿದ್ಲು. ನಾ ಇರಲಿ ಬಿಡ ಅಂದದ್ದು ಖರೇ. ನಿಮಗ ಅದು ಹ್ಯಾಂಗ ಮುಟ್ಟಿರಬೇಕು ಅಂತ ನನಗ ಈಗ ತಿಳಿತು. ನೀವು ಸಾಯಲಿ ಅಂತ ಅಂದದ್ದಲ್ಲ. ಅಲ್ಲಾಹನ ಆಣಿ.

ನೀವು ಹೋದಮ್ಯಾಲ ನನಗ ಯಾರೂ ಏನೂ ಕೇಳಲಿಲ್ಲ. ಮಸೂತಿ ಓಣಿಯವ್ರು, ತವರವ್ರು, ಯಾರೂ. ಗಂಡ ಸತ್ತವಳಿಗೆ ಮಂದಿ ಬಂದು ಬಾಜೂಕ ಕೂಡ್ತಾರ. ಗಂಡ ಬಿಟ್ಟವಳಿಗೆ ಬೈಯಾಕರ ಬರ್ತಾರ. ನನ್ನ ಗಂಡ ಸತ್ತಿಲ್ಲ, ಬಿಟ್ಟಿಲ್ಲ. ಅವ್ವನ್ನ ನೋಡ್ಕೊಳ್ಳಾಕ ಹೋಗ್ಯಾನ. ಚಲೋ ಕೆಲಸಕ್ಕ ಹೋಗ್ಯಾನ. ನಾ ಯಾರ ಮುಂದ ಏನಂತ ಅಳಲಿ? ಹೋಗದ ನಾನ ಕೆಟ್ಟಾಕಿ.

ಆ ಕಾಗದ, ಅದೇನ ಬರಹ, ಬಂದ ಮ್ಯಾಲ ಎಲ್ಲಿಯೋ ಇದ್ದ ಹೆಣ್ಮಕ್ಕಳು ನನಗ ಬರೀತಿದ್ರು. "ಅಕ್ಕಾ, ಊಟಾ ಮಾಡ್ತಿಯೇನು?" ಅಂತ ಒಬ್ಬಾಕಿ ಮೈಸೂರಿನಿಂದ ಕೇಳಿದ್ಲು. "ಮನಿ ಭಣಭಣ ಅನಸ್ತೈತೇನು?" ಅಂತ ಒಬ್ಬಾಕಿ. ಹೌದು, ಅನಸ್ತೈತಿ ಅಂತ ಮನಸಿನ್ಯಾಗ ಉತ್ತರಾ ಕೊಡತಿದ್ದೆ. ಅವರು ಕೇಳಿದ್ದು ಸುಳ್ಳ ಕತಿಗೆ. ನನಗ ಮುಟ್ಟಿದ್ದು ಖರೇ. ಅದಕ್ಕ ಇರಲಿ ಬಿಡ ಅಂದೆ. ಕಳ್ಳ ಮಾಲು ಅಂತ ಗೊತ್ತಿದ್ದೂ ಇಟ್ಕೊಂಡಂಗ.

ಮಗಳು ತಗದ ಮ್ಯಾಲ ಅವರು ಬರಿಯೂದ ನಿಂತಿತು. ನಿಂತದ್ದ ಚಲೋ ಆತು.

ನಿಮ್ಮವ್ವ ತೀರಿಕೊಂಡಾಗ ನಾ ಮಣ್ಣಿಗೆ ಬಂದು ಸಂಜೀಕ ಹೊಳ್ಳಿದೆ. ಬಸ್ ಸ್ಟ್ಯಾಂಡಿನ್ಯಾಗ ನೀವು ಇನ್ನೇನು ಮಾತಾಡ್ತೀರಿ ಅಂತ ನಿಂತೆ. ನೀವು ಬಸ್ಸಿನ ಬೋರ್ಡ್ ಓದಾಕತ್ತಿದ್ರಿ.

ನಾ ಇನ್ನೂ ಏನು ಬರೀಬೇಕು ತಿಳಿವಲ್ದು. ಅದೀರೋ ಇಲ್ಲೋ ಅಷ್ಟ ತಿಳಸ್ರಿ.

ಮಾಸುಮಬಿ


ಕೊಣ್ಣೂರು
4-10-2025

ಶಬ್ಬುಗ ಅವ್ವನ ದುವಾ,

ರೋಣದಾಗಿನ ಗೆಳತಿ ಅಂಜುಮನ ಮನಿಗೆ ಹೋಗಿ ಬರ್ತೀನಿ ಅಂತ ನಿನಗ ಹೇಳಿ ಬಸ್ ಹತ್ತಿದೆ. ಅಂಜುಮನ ಮನಿಗೆ ಹೋಗಲಿಲ್ಲ. ರೋಣದಾಗ ಇಳದು ನರಗುಂದದ ಬಸ್ ಹಿಡದೆ, ಅಲ್ಲಿಂದ ಕೊಣ್ಣೂರಿಗೆ ಬಂದೆ. ನಿನ್ನೆ ಅಕೀಬನ ಫೋನಿನ್ಯಾಗ ಆರಾಮ ಅದೀನಿ ಅಂತ ಅಷ್ಟ ಹೇಳಿದೆ, ಮಂದಿ ನಿಂತಿದ್ರು. ಉಳಿದದ್ದನ್ನ ಬರೀತೀನಿ.

ಅಂಗಡಿ ಬಾಗಲಾ ತಗದಿತ್ತು. ನಿಮ್ಮಪ್ಪ ಕರೀ ಚಾಳೀಸು ಹಾಕ್ಕೊಂಡು ಅರಳಿ ರಾಶಿ ಮುಂದ ಕೂತಿದ್ರು. ನಾ ಬಾಗಲದಾಗ ನಿಂತೆ. ಮುಖಾ ಎತ್ತಿ ನೋಡಿ, "ಬರ್ರಿ, ಗಾದಿ ಯಾವ ಅಳತೀದು ಬೇಕ್ರಿ?" ಅಂದ್ರು.

ನಾ "ನಾನ್ರಿ" ಅಂದೆ. ಅಷ್ಟಕ್ಕ ಅವರ ಕೈಯಾಗಿನ ಅರಳಿ ಕೆಳಗ ಬಿತ್ತು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅದಕ್ಕ ಅಕ್ಷರ ಸಾಲು ಬಿಟ್ಟದ್ದು. ಆಗಸ್ಟಿನ್ಯಾಗ ನರಗುಂದದ ದವಾಖಾನ್ಯಾಗ ಒಂದ ಕಣ್ಣಿನ ಆಪರೇಶನ್ ಆಗೈತಿ, ಅಕೀಬ ಕರಕೊಂಡ ಹೋಗ್ಯಾನ. ನೀರ ಬಿತ್ತೋ ಏನೋ, ಕಣ್ಣ ಕೆಂಪಾಗಿ ಭಾಳ ತ್ರಾಸ ಆಗೈತಿ. ಓದಬ್ಯಾಡ, ಬರೀಬ್ಯಾಡ ಅಂದಾರ. ಫೋನ್ ಯಾವಾಗೋ ನೀರಾಗ ಬಿದ್ದು ಕೆಟ್ಟೈತಿ, ಹೊಸಾದು ತಗೊಂಡಿಲ್ಲ. "ಯಾಕ ತಗೊಳ್ಳಲಿಲ್ಲ?" ಅಂದೆ. "ಯಾರಿಗೆ ಮಾಡ್ಲಿ?" ಅಂದ್ರು. ನನಗ ಸಿಟ್ಟ ಬಂತು, ಚಾದ ಕಪ್ಪು ಠಕ್ಕಂತ ಇಟ್ಟೆ.

ನಾವು ಆಮ್ಯಾಲ ಬರದ ಕಾಗದ ಎಲ್ಲಾ ಬಂದಾವ. ಗಾದಿ ಕೆಳಗಿನಿಂದ ತಗದ್ರು, ಒಂದೂ ಒಡದಿಲ್ಲ. "ಅಕೀಬನ ಕಡೆ ಓದಸಬಹುದಿತ್ತಲ್ರಿ" ಅಂದೆ. "ನನ್ನ ಮನಿ ಮಾತು, ಮಂದಿ ಬಾಯಿಲೆ ಯಾಕ ಕೇಳಲಿ? ಸತ್ತ ಸುದ್ದೀನ ಮಂದಿ ಬಾಯಿಲೆ ಕೇಳಿದ್ದು ಸಾಕು" ಅಂದ್ರು. ನನ್ನ ಕಾಗದ ತಗದು ನನ್ನ ಕೈಯಾಗ ಕೊಟ್ಟು, "ಇದು ನಿನ್ನ ಅಕ್ಷರ. ದೊಡ್ಡದಾಗಿ ಬರೀತಿ, ಲಕೋಟಿ ಮ್ಯಾಲ ಗೊತ್ತಾತು. ನೀನ ಓದು" ಅಂದ್ರು.

ನಾ ಬರದದ್ದನ್ನ ನಾನ ಅವರ ಮುಂದ ಓದಬೇಕಾತು ಶಬ್ಬು. ಮನಿ ಭಣಭಣ ಅನ್ನೂ ತನಕಾ ಓದಿದೆ. ಅವರು "ಬಸ್ ಸ್ಟ್ಯಾಂಡ್" ಅಂದ್ರು. ಅಲ್ಲಿ ತನಕಾ ನಾ ಓದಿರಲಿಲ್ಲ. "ಏನ್ರಿ?" ಅಂದೆ. "ಅವತ್ತ ಬಸ್ ಸ್ಟ್ಯಾಂಡಿನ್ಯಾಗ ನೀ ಏನರ ಅಂತಿ ಅಂತ ನಾ ನಿಂತಿದ್ದೆ. ಬೋರ್ಡ್ ಕಾಣವಲ್ದಾಗಿತ್ತು, ಅವಾಗಿಂದನ ಕಣ್ಣು ಮಂಜು" ಅಂದ್ರು. ಉಳಿದದ್ದನ್ನ ಓದಲಿಲ್ಲ. ಮಡಚಿ ಇಟ್ಟೆ.

ಈಗ ನೀ ಕೇಳ್ತಿ, ಅವ್ವಾ ನೀ ಅಲ್ಲೇ ಇರ್ತಿಯೋ, ಅಪ್ಪ ಇಲ್ಲಿ ಬರ್ತಾರೋ ಅಂತ. ನನಗ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ. ಇಲ್ಲಿ ಗಿರಾಕಿ ಅದಾರ, ಅಲ್ಲಿ ನೀ ಅದಿ. ಇನ್ನೊಂದ ಕಣ್ಣಿನ ಆಪರೇಶನ್ ಈ ತಿಂಗಳ ಕೊನೀಗೆ ಐತಿ, ಅಲ್ಲಿ ತನಕಾ ನಾ ಇಲ್ಲೇ ಅದೀನಿ. ಮುಂದಿಂದು ಮುಂದ.

ಪೇಜಿನ್ಯಾಗ ಏನ ಬರಸಬೇಕೋ ಬರಸು. ಹಾಕೂ ಮುಂಚೆ ಮಾತ್ರ ನನಗ ಪೂರಾ ಓದಿ ಹೇಳು. ಹಳೇ ಸೀರಿ ತಂದವರಿಗೆ ಒಳಗ ಕರದು ಚಾ ಕೊಡು, ಬಾಗಲದಾಗ ನಿಂದರಸಬ್ಯಾಡ.

ನಿಮ್ಮಪ್ಪ ಕರ್ಯಾಕತ್ತಾರ. ಯಾವಗಲ್ ಊರವರ ಲಗ್ನದ ಗಾದಿ, ಅರಳಿ ತುಂಬಿ ಆಗೈತಿ, ದಬ್ಬಣ ಹಾಕಬೇಕು. ಈ ಕಡೆಯಿಂದ ಅವರು ಚುಚ್ಚಿದ್ರ ಆ ಕಡೆಯಿಂದ ಯಾರರ ಜಗ್ಗಬೇಕು. ಇಷ್ಟ ದಿನ ಒಬ್ಬರ ಹ್ಯಾಂಗ ಮಾಡ್ಯಾರೋ. ಎದ್ದೆ.

ನಿಮ್ಮವ್ವ
ಮಾಸುಮಬಿ